ವಿಲ್ಲಿಗೊಂದು ಮುಹೂರ್ತ

ಮುಂಬಯಿಯಲ್ಲಿ ಮನೆ ಇಲ್ಲದವನಿಗೆ ಒಂದೇ ಚಿಂತೆ, ಮನೆ ಇದ್ದವನಿಗೆ ನೂರೆಂಟು. ಇಬ್ಬರೂ ಕೊನೆಗೆ ನನ್ನ ಮನೆಯ ಬೆಲ್ ಒತ್ತುತ್ತಾರೆ. ಹಾಗಾಗಿ ಇಂಥ ಪ್ರಸಂಗಗಳಿಗೆ ನಮ್ಮಲ್ಲಿ ಬರಗಾಲ ಅಂತ ಬಂದದ್ದೇ ಇಲ್ಲ.

ನಾನು ವಕೀಲನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಮಾತು ಕೇಳಿದವರಿಗೆ ಸಂಶಯ ಬರುತ್ತದೆ. ಮಾಟುಂಗದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತು ಜೀವಮಾನ ಕಳೆದವನು ನಾನು. ಗಲ್ಲಾದ ಎದುರಿನ ಮೇಜಿಗೆ ದಿನಾ ಬೆಳಗ್ಗೆ ಕೋರ್ಟಿಗೆ ಹೋಗುವ ವಕೀಲರ ಗುಂಪೊಂದು ಬರುತ್ತಿತ್ತು. ಅವರು ಇಡ್ಲಿ ಮುರಿಯುತ್ತಾ ಕಾನೂನು ಮಾತಾಡುತ್ತಿದ್ದರು, ನಾನು ಕೇಳಿಸಿಕೊಳ್ಳುತ್ತಿದ್ದೆ. ಅವರು ಕಾನೂನು ಕಲಿತದ್ದು ಪುಸ್ತಕದಿಂದ, ನಾನು ಕಲಿತದ್ದು ಅವರಿಂದ. ಹಾಲನ್ನು ತಂಬಿಗೆಯಲ್ಲಿ ಕುಡಿಯುವುದಕ್ಕೂ ಕೆಚ್ಚಲಿನಿಂದಲೇ ಕುಡಿಯುವುದಕ್ಕೂ ಇರುವಷ್ಟು ವ್ಯತ್ಯಾಸ! ಒಮ್ಮೆ ಒಬ್ಬರು ದೊಡ್ಡ ವಕೀಲರು ಸೋಲುತ್ತಿದ್ದ ಕೇಸನ್ನು ನಾನು ಹೇಳಿದ ಒಂದೇ ಒಂದು ಮಾತಿನಿಂದ ಗೆದ್ದರು. ಆ ಮಾತು ಯಾವುದೆಂದು ಈಗ ಮರೆತಿದೆ. ಆ ದಿನದ ಚಟ್ನಿ ಶೇಂಗಾದ್ದು ಎಂದು ಮಾತ್ರ ಚೆನ್ನಾಗಿ ನೆನಪಿದೆ.

ಈಗ ನಿವೃತ್ತನಾಗಿ ಕಾಂದಿವಲಿಯಲ್ಲಿದ್ದೇನೆ. ನಾಲ್ಕು ಮಾಳಿಗೆಯ ಹಳೆಯ ಬಿಲ್ಡಿಂಗು, ಲಿಫ್ಟ್ ಇಲ್ಲ, ಸೊಸೈಟಿಗೆ ನಾನೇ ಸೆಕ್ರೆಟರಿ. ಬಿಲ್ಡಿಂಗನ್ನು ಕೆಡವಿ ಟವರ್ ಕಟ್ಟುವ ಮಾತು ಎದ್ದಂದಿನಿಂದ ಎಲ್ಲರಿಗೂ ತಮ್ಮ ತಮ್ಮ ಮನೆಯ ಕಾಗದಗಳ ಮೇಲೆ ಹಠಾತ್ತನೆ ಪ್ರೀತಿ ಹುಟ್ಟಿದೆ. ವಿಲ್ ಹೇಗೆ ಬರೆಯುವುದು, ನಮ್ಮ ಪರವಾಗಿ ಸಹಿ ಹಾಕುವ ಪವರ್ ಯಾರಿಗೆ ಕೊಡುವುದು, ನಾಮಿನಿ ಯಾರು, ಎಲ್ಲಕ್ಕೂ ಒಂದೇ ಉತ್ತರ: "ಮೇಲೆ ಅಂಕಲ್ ಇದ್ದಾರಲ್ಲ!"

ಆ ಅಂಕಲ್‌ಗೆ ಇತ್ತೀಚೆಗೆ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಲು ಶುರುವಾಯಿತು. ಕೆಳಗಿನ ಅಂತಸ್ತಿನಲ್ಲಿ ದವಾಖಾನೆ ಇಟ್ಟಿರುವ ಡಾಕ್ಟರಮ್ಮ ನಮ್ಮ ಮಂಗಳೂರಿನ ಕಡೆಯವರು, ಮಿತಭಾಷಿ. ಎದೆಗೆ ಮಿಷನ್ ಇಟ್ಟರು, ಹೊರಗೆ ಬಂದ ಪಟ್ಟಿ ನೋಡಿದರು. "ಅಂಕಲ್, ದೊಡ್ಡ ಆಸ್ಪತ್ರೆಯಲ್ಲಿ ಹಾರ್ಟಿನ ನಾಳ ನೋಡಿಸಿಬಿಡುವ. ಮುಂದಿನ ತಿಂಗಳೊಳಗೆ," ಎಂದರು.

ಮೇಲೆ ಬಂದು ನನ್ನಾಕೆಗೆ ಹೇಳಿದೆ. ಅಳುತ್ತಾಳೆ, ಸಮಾಧಾನ ಮಾಡೋಣ ಎಂದು ಧೈರ್ಯದ ಮುಖ ಸಿದ್ಧಮಾಡಿಕೊಂಡಿದ್ದೆ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಕೇಳಿದಳು: "ಈ ಮನೆಗೆ ನಾಮಿನಿ ಯಾರು?"

ನನ್ನ ಧೈರ್ಯದ ಮುಖ ಜಾರಿತು. ಮನೆ ಕೊಂಡಾಗ ನಾನು ಬ್ರಹ್ಮಚಾರಿ. ನಾಮಿನಿ ಅಂತ ಬರೆಸಿದ್ದು ನನ್ನ ತಾಯಿಯ ಹೆಸರು. ತಾಯಿ ತೀರಿಕೊಂಡು ಯಾವ ಕಾಲವಾಯಿತು!

"ನಾಮಿನಿ ಅಂದರೆ ಮಾಲೀಕ ಅಲ್ಲ ಮಾರಾಯ್ತಿ," ಎಂದು ಗಂಟಲು ಸರಿಮಾಡಿಕೊಂಡೆ. "ಬರೀ ಕಾವಲುಗಾರ. ವಾರಸುದಾರರ ಕೈಗೆ ಸೇರುವ ತನಕ ಮನೆ ನೋಡಿಕೊಳ್ಳುವುದಷ್ಟೇ."

"ನಿಮ್ಮ ಕಾವಲುಗಾರ್ತಿ ಸ್ವರ್ಗದಲ್ಲಿದ್ದಾರೆ. ಅಲ್ಲಿಂದ ಹೇಗೆ ನೋಡಿಕೊಳ್ಳುವುದು? ಅವರ ಕೈಯಲ್ಲಿ ದುರ್ಬೀನು ಉಂಟಾ?"

"ವಿಲ್ ಇಲ್ಲದಿದ್ದರೂ ಹೆದರಬೇಡ. ನಿನಗೂ ಮಕ್ಕಳಿಬ್ಬರಿಗೂ ಸಮಪಾಲು ಬರುತ್ತದೆ."

"ಅದೇ ಹೆದರಿಕೆ," ಎಂದಳು. "ಮಕ್ಕಳು ಒಳ್ಳೆಯವರೇ. ಆದರೆ ಮೂರು ಪಾಲಾದ ಮನೆಯಲ್ಲಿ ಒಂದು ಮೊಳೆ ಹೊಡೆಯಲಿಕ್ಕೂ ಸೊಸೆಯ ಮುಖ ನೋಡಬೇಕು, ಅಳಿಯನ ಮುಖ ನೋಡಬೇಕು. ನನ್ನ ಅಡುಗೆಮನೆಯಲ್ಲಿ ನಾನೇ ನೆಂಟಳಾಗಿ ಕೂರುವುದು ನನ್ನಿಂದ ಆಗ. ಊರಿಗೆಲ್ಲ ವಿಲ್ ಬರೆಸುತ್ತೀರಿ. ಆ ಪರೀಕ್ಷೆಗೆ ಹೋಗುವ ಮೊದಲು ನಮ್ಮದೂ ಒಂದು ಬರೆಯಿರಿ."

ನ್ಯಾಯವಾದ ಮಾತು. ಆದರೆ ನನಗೆ ಒಂದು ಸಣ್ಣ ತೊಂದರೆ ಇತ್ತು. ಊರವರ ವಿಲ್ಲಿನಲ್ಲಿ ನಾನು ಹುಲಿ, ನನ್ನ ವಿಲ್ಲಿನ ಹೆಸರೆತ್ತಿದರೆ ಮೊಲ. ನಮ್ಮ ಮನೆತನಕ್ಕೆ ವಿಲ್ ಆಗಿಬರುವುದಿಲ್ಲ. ನಮ್ಮ ದೊಡ್ಡಪ್ಪ ವಿಲ್ ಬರೆದ ವಾರದಲ್ಲೇ ಹೊರಟುಹೋದರು. ಆಗ ಅವರಿಗೆ ತೊಂಬತ್ತು ದಾಟಿತ್ತು, ಹಾಸಿಗೆ ಹಿಡಿದು ಬಹಳ ದಿನವಾಗಿತ್ತು ಎಂಬುದು ಬೇರೆ ವಿಷಯ. ವಿಲ್ ಬರೆದರು, ಹೋದರು. ಕಣ್ಣಾರೆ ಕಂಡದ್ದನ್ನು ಇಲ್ಲ ಎನ್ನಲು ಬರುತ್ತದೆಯೇ?

ಹೆಂಡತಿಯ ಎದುರು ಹೆದರಿಕೆ ಒಪ್ಪಿಕೊಳ್ಳುವುದು ಗಂಡಸಿನ ಜಾತಕದಲ್ಲಿ ಬರೆದಿಲ್ಲ. ಹಾಗಾಗಿ ನಾನು ನನ್ನ ಹಳೆಯ ಆಯುಧ ತೆಗೆದೆ: ಕತೆ ಹೇಳಿ ಮಾತು ಮರೆಸುವುದು.

ಬರಿಗೈಯಲ್ಲಿ ಕಳಿಸದ ಧಣಿ

"ವಿಲ್ ಬರೆಯುವುದು ಸುಲಭ ಅಂದುಕೊಂಡೆಯಾ? ಸಾಕ್ಷಿ ಸಿಗುವುದೇ ಕಷ್ಟ," ಎಂದು ನನ್ನ ಹೋಟೆಲಿನ ಧಣಿಗಳ ಪ್ರಸಂಗ ಶುರುಮಾಡಿದೆ.

ಧಣಿಗಳು ಎಂಬತ್ತರ ಗಟ್ಟಿ ಆಸಾಮಿ. ಅವರ ಹೋಟೆಲಿಗೆ ಬಂದವನು ಏನೂ ತಿನ್ನದೆ ಹೋದರೆ ಅವರಿಗೆ ಅಂದು ನಿದ್ದೆ ಇಲ್ಲ. ಲೈಟು ಬಿಲ್ ಕೊಡಲು ಬಂದವನಿಗೂ ಶೀರಾ, ಅಂಗಡಿ ತಪಾಸಣೆಗೆ ಬಂದವನಿಗೂ ಶೀರಾ. ಇಂಥವರು ಒಂದು ದಿನ ಮಾಳಿಗೆಯ ಮೇಲಿನ ಕೋಣೆಯಲ್ಲಿ ವಕೀಲರನ್ನು ಕೂರಿಸಿಕೊಂಡು ವಿಲ್ ಮಾಡಲು ಹೊರಟರು. ಸಾಕ್ಷಿಗೆ ನನ್ನನ್ನೂ ಅಡುಗೆಯ ಭಟ್ರನ್ನೂ ಕರೆದರು.

ವಕೀಲರು ವಿಲ್ ಓದಿದರು. ಮಕ್ಕಳಿಗೆ ಇಷ್ಟು, ದೇವಸ್ಥಾನಕ್ಕೆ ಇಷ್ಟು. ಕೊನೆಯಲ್ಲಿ ಧಣಿಗಳು ತಡೆದರು: "ಒಂದು ನಿಮಿಷ. ಇವರಿಬ್ಬರು ಕೆಲಸ ಬಿಟ್ಟು ಸಹಿ ಹಾಕಲಿಕ್ಕೆ ಬಂದಿದ್ದಾರೆ. ಬರಿಗೈಯಲ್ಲಿ ಕಳಿಸುವುದು ಹೇಗೆ? ಬರೆಯಿರಿ: ಹಿತ್ತಾಳೆಯ ದೊಡ್ಡ ಕಾಫಿ ಫಿಲ್ಟರು ಗಲ್ಲಾದವರಿಗೆ. ಅರೆಯುವ ಕಲ್ಲು ಭಟ್ರಿಗೆ."

ನನ್ನ ಕಣ್ಣಲ್ಲಿ ನೀರು ಬಂತು. ವಕೀಲರ ಕಣ್ಣಲ್ಲೂ ಬಂತು, ಬೇರೆ ಕಾರಣಕ್ಕೆ. "ಸಾಕ್ಷಿಗೆ ಪಾಲು ಕೊಟ್ಟರೆ ನಾಳೆ ಕೋರ್ಟಿನಲ್ಲಿ ಅನುಮಾನ ಬರುತ್ತದೆ ಧಣಿ. ಏನೂ ಸಿಗದವರೇ ಸಾಕ್ಷಿ ಹಾಕುವುದು ಒಳ್ಳೆಯದು."

"ಹಾಗಾದರೆ ಬೇರೆ ಸಾಕ್ಷಿ ಕರೆಯಿರಿ. ಕೊಟ್ಟದ್ದನ್ನು ಹಿಂದೆ ತೆಗೆದುಕೊಳ್ಳುವವ ನಾನಲ್ಲ."

ಸಪ್ಲಾಯರ್ ಒಬ್ಬನನ್ನೂ ದೋಸೆ ಕಾವಲಿಯವನನ್ನೂ ಕರೆದರು. ವಕೀಲರು ಕಾಗದ ತಿದ್ದುವಷ್ಟರಲ್ಲಿ ಧಣಿಗಳು ಒಬ್ಬನಿಗೆ ಕೈಗಡಿಯಾರ, ಇನ್ನೊಬ್ಬನಿಗೆ ಕೊಡೆ ಬರೆಸಿ ಆಗಿತ್ತು. ಮತ್ತೆ ಇಬ್ಬರು. ಅವರಿಗೆ ಗೋಡೆಯ ಕನ್ನಡಿ ಮತ್ತು ತೂಗುವ ತಕ್ಕಡಿ. ಮಧ್ಯಾಹ್ನದ ಹೊತ್ತಿಗೆ ಹೋಟೆಲಿನಲ್ಲಿ ವಾರಸುದಾರನಲ್ಲದವನು ಒಬ್ಬನೂ ಉಳಿಯಲಿಲ್ಲ. ಕಪ್ಪು ತೊಳೆಯುವವನ ಪಾಲಿಗೆ ಕಪ್ಪುಗಳೇ ಬಂದಿದ್ದವು.

ಕೊನೆಗೆ ವಕೀಲರು ತಾವೇ ಕೆಳಗಿಳಿದು, ಊಟಕ್ಕೆ ಕೂತಿದ್ದ ಗುರುತು ಪರಿಚಯವಿಲ್ಲದ ಇಬ್ಬರು ಗಿರಾಕಿಗಳನ್ನು ಕೈಮುಗಿದು ಕರೆತಂದರು. ಧಣಿಗಳು ಬಾಯಿ ತೆರೆಯುವ ಮೊದಲೇ ಸಹಿ ಮುಗಿಯಿತು. ಧಣಿಗಳು ಚಡಪಡಿಸಿದರು, ಚಡಪಡಿಸಿದರು, ತಡೆಯಲಾರದೆ ಮೆಟ್ಟಿಲ ಮೇಲಿಂದ ಕೂಗಿದರು: "ಇವರಿಬ್ಬರ ಊಟಕ್ಕೆ ಬಿಲ್ ಹಾಕಬೇಡಿ!"

ಅಂದಿನಿಂದ ಆ ಇಬ್ಬರು ದಿನಾ ಊಟದ ಹೊತ್ತಿಗೆ ಬಂದು ಗಲ್ಲಾದ ಹತ್ತಿರ ಮೆಲ್ಲಗೆ ಕೇಳುತ್ತಿದ್ದರು: "ಸೇಠ್, ಇವತ್ತು ವಿಲ್ಲಿನಲ್ಲಿ ಏನಾದರೂ ಬದಲಾವಣೆ ಇದೆಯಾ?"

ಪುಣ್ಯದ ಮುಖ್ತ್ಯಾರ

ನನ್ನಾಕೆ ನಕ್ಕಳು, ಸೆರಗಿನಲ್ಲಿ ಕಣ್ಣೊರಸಿಕೊಂಡಳು, ಆಮೇಲೆ ಹೇಳಿದಳು: "ಧಣಿಗಳಿಗೆ ಕೊಡಲಿಕ್ಕೆ ಇತ್ತು, ಹಾಗಾಗಿ ಸಾಕ್ಷಿ ಸಿಗಲಿಲ್ಲ. ನಮ್ಮಲ್ಲಿ ಎಂತ ಉಂಟು? ನಮಗೆ ಸಾಕ್ಷಿ ಸಸಾರ."

ಕತೆ ಹೀಗೆ ತಿರುಗಿ ನನ್ನನ್ನೇ ಕಚ್ಚುತ್ತದೆ ಎಂದು ಅಂದುಕೊಂಡಿರಲಿಲ್ಲ. ನಾನು ಕೂಡಲೇ ಹಳಿ ಬದಲಿಸಿದೆ. "ವಿಲ್ ಯಾಕೆ ಮಾರಾಯ್ತಿ? ನಿನಗೆ ಪವರ್ ಆಫ್ ಅಟಾರ್ನಿಯನ್ನೇ, ಅದೇ ಮುಖ್ತ್ಯಾರ ಪತ್ರವನ್ನೇ, ಕೊಟ್ಟುಬಿಡುತ್ತೇನೆ. ಅದರ ಶಕ್ತಿ ಗೊತ್ತುಂಟಾ ನಿನಗೆ? ಎರಡನೇ ಮಾಳಿಗೆಯ ಟೀಚರನ್ನು ನೋಡು."

ಎರಡನೇ ಮಾಳಿಗೆಯ ಟೀಚರು ನಿವೃತ್ತರು, ಒಂಟಿ, ಮೊಣಕಾಲು ನೋವು. ಬ್ಯಾಂಕಿಗೆ, ಬಿಲ್ಡರನ ಆಫೀಸಿಗೆ ಓಡಾಡಲು ಆಗುವುದಿಲ್ಲವೆಂದು ಅವರ ತಂಗಿಯ ಮಗನಿಗೆ ಪವರ್ ಕೊಡಿ ಅಂತ ಸಲಹೆ ಕೊಟ್ಟವನೇ ನಾನು. ಹುಡುಗನಿಗೆ ಬಾಂದ್ರಾದಲ್ಲಿ ಆಫೀಸು. ಕನ್ನಡ ಅರ್ಥವಾಗುತ್ತದೆ, ಮಾತಾಡುವಾಗ ಮಾತ್ರ ಲೋಕಲ್ ಟ್ರೇನಿನ ಹಾಗೆ ಎರಡೆರಡು ಶಬ್ದಕ್ಕೆ ನಿಲ್ಲುತ್ತಾನೆ.

ವಕೀಲರು ವಾಡಿಕೆಯಂತೆ ಬರೆದರು: ಇವನು ನನ್ನ ಪರವಾಗಿ ಎಲ್ಲ ಕೆಲಸಗಳನ್ನೂ ಮಾಡಬಹುದು, ಇವನು ಮಾಡಿದ್ದೆಲ್ಲ ನಾನೇ ಮಾಡಿದಂತೆ. ಟೀಚರು ಆಯುಷ್ಯವಿಡೀ ಮಕ್ಕಳ ಉತ್ತರ ಪತ್ರಿಕೆ ತಿದ್ದಿದವರು. ಬರೆದದ್ದನ್ನು ಬರೆದ ಹಾಗೆಯೇ ಓದುವುದು ಅವರ ಅಭ್ಯಾಸ.

ಮೊದಲು ಹುಡುಗ ಬ್ಯಾಂಕಿಗೆ ಹೋದ. ಆಮೇಲೆ ಡೊಂಬಿವಲಿಯಲ್ಲಿ ಅವರ ಗೆಳತಿಯ ಮೊಮ್ಮಗಳ ಸೀಮಂತಕ್ಕೆ ಹೋದ. ಹೆಂಗಸರ ನಡುವೆ ಒಬ್ಬನೇ ಗಂಡಸು, ಕೈಯಲ್ಲಿ ರವಿಕೆ ಕಣ. ಆಮೇಲೆ ಶನಿವಾರದ ಭಜನೆಗೆ ಹೋದ. ಆಮೇಲೆ ಏಕಾದಶಿ ಬಂತು.

"ನನಗೆ ಶುಗರ್ ಇದೆ, ಉಪವಾಸ ಬೇಡ ಅಂತ ಡಾಕ್ಟರಮ್ಮ ಹೇಳಿದ್ದಾರೆ," ಎಂದರು ಟೀಚರು. "ನೀನು ಮಾಡು. ನೀನು ಮಾಡಿದ್ದೆಲ್ಲ ನಾನು ಮಾಡಿದ ಹಾಗೆ. ಸ್ಟ್ಯಾಂಪ್ ಪೇಪರಿನಲ್ಲೇ ಇದೆ."

ಅವನು ಉಪವಾಸ ಕೂತ. ಅವರು ಎದುರಿಗೆ ಕೂತು ಬಿಸಿ ಉಪ್ಪಿಟ್ಟು ತಿಂದರು.

ಮರುದಿನ ಹುಡುಗ ಬಾಡಿದ ಮುಖ ಹೊತ್ತು ನನ್ನ ಬಾಗಿಲಿಗೆ ಬಂದ. "ಅಂಕಲ್, ದೊಡ್ಡಮ್ಮಗೆ ಸ್ವಲ್ಪ ಸಮಝಾವೋ ನಾ! ಮುಂದಿನ ತಿಂಗಳು ಚಾತುರ್ಮಾಸ ಅಂತೆ. ಫೋರ್ ಮಂಥ್ಸ್, ಅಂಕಲ್! ಮೈ ತೋ ಮರ್ ಜಾವೂಂಗಾ."

ನಾನು ಹೋಗಿ ವಿವರಿಸಿದೆ. "ಟೀಚರೇ, ಪವರ್ ನಡೆಯುವುದು ಆಸ್ತಿಗೆ, ಬ್ಯಾಂಕಿಗೆ, ಸರಕಾರಿ ಆಫೀಸಿಗೆ."

"ಪುಣ್ಯ ಆಸ್ತಿ ಅಲ್ಲವಾ?"

ಹೈಕೋರ್ಟಿನಲ್ಲೂ ಯಾರೂ ನನಗೆ ಇಂಥ ಪ್ರಶ್ನೆ ಹಾಕಿಲ್ಲ. ಹೈಕೋರ್ಟಿಗೆ ನಾನು ಹೋಗಿಲ್ಲ, ಅದು ಬೇರೆ. ಆದರೂ ಪಾಯಿಂಟ್ ಹಿಡಿದೆ. "ಒಪ್ಪಿದೆ. ಇವನ ಉಪವಾಸದ ಪುಣ್ಯ ನಿಮಗೆ. ಹಾಗಾದರೆ ಇವನು ಆಫೀಸಿನ ಕೆಳಗೆ ನಿಂತು ಚಿಕನ್ ರೋಲ್ ತಿಂದರೆ ಅದೂ ನೀವೇ ತಿಂದ ಹಾಗೆ. ಕಾನೂನು ಎರಡೂ ಕಡೆ ಓಡುತ್ತದೆ."

ಟೀಚರು ಕನ್ನಡಕ ತೆಗೆದು ಹುಡುಗನತ್ತ ತಿರುಗಿದರು. "ನೀನು ಚಿಕನ್ ತಿನ್ನುತ್ತೀಯಾ?"

ಹುಡುಗ ನೆಲ ನೋಡಿದ. "ಕಭೀ ಕಭೀ... ಭಜನೆ ಆದಮೇಲೆ."

ವಾರದೊಳಗೆ ಹಳೆಯ ಪವರ್ ರದ್ದಾಗಿ ಹೊಸದು ತಯಾರಾಯಿತು. ಬ್ಯಾಂಕು, ಸೊಸೈಟಿ, ಬಿಲ್ಡರ್, ಮೂರೇ ಕೆಲಸ. ಕೊನೆಯಲ್ಲಿ ಟೀಚರು ಹಟ ಹಿಡಿದು ಹಾಕಿಸಿದ ಒಂದು ಸಾಲು: "ಸದರಿಯವನು ಎಲ್ಲಿಯೇ ಆಗಲಿ, ಏನನ್ನೇ ಆಗಲಿ ತಿಂದದ್ದಕ್ಕೆ ನಾನು ಹೊಣೆಯಲ್ಲ."

ರೂಮಿನ ಜತೆ ಬಂದ ಅಜ್ಜ

ಈ ಸಲ ನನ್ನಾಕೆ ಒಲಿದ ಹಾಗೆ ಕಂಡಿತು. "ಅಂದರೆ ಪವರ್ ಕೊಟ್ಟರೆ ಸಾಕು, ವಿಲ್ ಬೇಡ ಅನ್ನುತ್ತೀರಿ?"

"ಬೇಡವೇ ಬೇಡ!" ಎಂದೆ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಆ ಸಂತೋಷ ಒಂದು ಚಹಾ ಕುಡಿಯುವಷ್ಟು ಹೊತ್ತೂ ಬಾಳಲಿಲ್ಲ. ನಮ್ಮ ಬಾತ್‌ರೂಮಿನ ಸೋರಿಕೆ ನೋಡಲು ಮೇಸ್ತ್ರಿ ಬಂದ. ವಿಜಯಪುರದ ಕಡೆಯವನು, ನಮ್ಮ ಬಿಲ್ಡಿಂಗಿನ ಗಾರೆ ಕೆಲಸವೆಲ್ಲ ಅವನದೇ. ನನ್ನಾಕೆ ಅವನಿಗೆ ಚಹಾ ಕೊಟ್ಟು, "ರೂಮಿನ ಕೆಲಸ ಏನಾಯಿತು ಮೇಸ್ತ್ರಿ?" ಎಂದು ಕೇಳಿದಳು. ನಾನು ಕೈಸನ್ನೆ ಮಾಡುವಷ್ಟರಲ್ಲಿ ಅವನು ನೆಲಕ್ಕೆ ಕೂತು ಶುರುಮಾಡಿಬಿಟ್ಟಿದ್ದ.

ನಡೆದದ್ದು ಇಷ್ಟು. ಮೇಸ್ತ್ರಿ ದುಡಿದು ಉಳಿಸಿ, ಕಾಂದಿವಲಿಯ ಪೂರ್ವಕ್ಕೆ ಒಂದು ಚಾಳಿನಲ್ಲಿ ರೂಮು ಕೊಳ್ಳಲು ಮುಂಗಡ ಕೊಟ್ಟಿದ್ದ. ರೂಮಿನ ಮಾಲೀಕ ಸಾತಾರಾ ಕಡೆಯ ಹಳ್ಳಿಯಲ್ಲಿರುವ ಮುದುಕ. ವ್ಯವಹಾರ ಮಾಡುತ್ತಿದ್ದವನು ಮುದುಕನಿಂದ ಪವರ್ ಪಡೆದ ಅವನ ಅಳಿಯ. ಮೇಸ್ತ್ರಿ ಪೇಢೆ ಹಿಡಿದು ನನ್ನ ಬಳಿ ಬಂದಿದ್ದ. "ಸಾಹೇಬ್ರ, ಕಾಗದ ಪಕ್ಕಾ ಐತ್ರಿ. ನೋಟರಿ ಸಿಕ್ಕಾ ಸೈತ ಬಿದ್ದೈತಿ."

ನಾನು ಒಂದೇ ಪ್ರಶ್ನೆ ಕೇಳಿದ್ದೆ. "ಪವರ್ ಕೊಟ್ಟ ಅಜ್ಜ ಬದುಕಿದ್ದಾನಾ?"

"ಯಾಕ್ರಿ?"

"ಕೊಟ್ಟವನ ಉಸಿರು ನಿಂತರೆ ಪವರೂ ನಿಂತಿತು. ಆಮೇಲೆ ಅಳಿಯ ಹಾಕುವ ಸಹಿಗೆ ಬೆಲೆ ಇಲ್ಲ. ನೋಟರಿಯ ಮೊಹರು ಒಂದನ್ನೇ ನಂಬಬೇಡ. ಅಜ್ಜನನ್ನೇ ಕರೆತಂದು ಸಬ್‌ರಿಜಿಸ್ಟ್ರಾರ್ ಎದುರು ಪಕ್ಕಾ ಖರೀದಿ ಪತ್ರ ಮಾಡಿಸಿಕೊ."

ಮೇಸ್ತ್ರಿಯ ಮುಖ ಹಸಿ ಗಾರೆಯ ಹಾಗೆ ಜೋತುಬಿತ್ತು. ನನ್ನ ಮನೆಯಿಂದಲೇ ಹಳ್ಳಿಗೆ ಫೋನ್ ಹಚ್ಚಿದ. ಆ ಕಡೆಯಿಂದ ಬಂದದ್ದು ಮಾತಲ್ಲ. "ಕೆಮ್ಮಾಕತ್ತಾನ್ರಿ ಸಾಹೇಬ್ರ!" ಎಂದು ಮೇಸ್ತ್ರಿ ಫೋನನ್ನು ಎದೆಗೆ ಒತ್ತಿಕೊಂಡ. "ಒಣ ಕೆಮ್ಮು!"

ಅಂದಿನಿಂದ ಅವನ ಜೀವ ಆ ಮುದುಕನ ಗಂಟಲಲ್ಲಿ. ಬೆಳಗ್ಗೆ ಕೆಲಸಕ್ಕೆ ಹೋಗುವ ಮೊದಲು ಫೋನು: "ಆಜೋಬಾ, ನಿದ್ದೆ ಬಂತಾ?" ಸಂಜೆ ಮತ್ತೊಂದು: "ಊಟ ಆಯ್ತಾ?" ಊರಿಗೆ ಹೋಗುವವರ ಕೈಯಲ್ಲಿ ಜೇನು, ಸ್ವೆಟರು, ಕಿತ್ತಳೆ. ಹೆಂಡತಿಯಿಂದ ಸೋಮವಾರದ ಹರಕೆ. ಮುದುಕ ಬಾವಿಕಟ್ಟೆಯ ಹತ್ತಿರ ಕೂರುತ್ತಾನೆಂದು ಕೇಳಿ ಇವನಿಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಕೊನೆಗೆ ರಜೆ ಹಾಕಿ, ಗಾಡಿ ಮಾಡಿ, ಬೆನ್ನಿಗೊಂದು ಕಾಲಿಗೊಂದು ದಿಂಬು ಕೊಟ್ಟು ಮುದುಕನನ್ನು ಮುಂಬಯಿಗೆ ಕರೆತಂದ. ತನ್ನ ಖೋಲಿಯ ಒಂದೇ ಮಂಚವನ್ನು ಅವನಿಗೆ ಬಿಟ್ಟುಕೊಟ್ಟ. ಸಂಡೇ ಸಮುದ್ರ ತೋರಿಸಿದ. ಮುದುಕನ ಕೆಮ್ಮು ಹೋಯಿತು, ಕೆನ್ನೆಗೆ ಬಣ್ಣ ಬಂತು, ಕೋಲು ಮೂಲೆಗೆ ಸೇರಿತು.

ರಿಜಿಸ್ಟ್ರಿಯ ದಿನ ಬೆಳಗ್ಗೆ ಮೇಸ್ತ್ರಿ ಹೊಸ ಅಂಗಿ ಹಾಕಿ ನಿಂತರೆ ಮುದುಕ ಮಂಚದಿಂದ ಏಳಲೇ ಇಲ್ಲ. "ಕಾಯ್ ಘಾಯೀ ಆಹೇ, ಬಾಳಾ?" ಎಂದ. ಏನು ಅವಸರ, ಮಗಾ? "ಸಹಿ ಆದ ಮೇಲೆ ನನ್ನ ಕೆಮ್ಮನ್ನು ಯಾರು ಕೇಳುತ್ತಾರೆ? ನನ್ನ ಸ್ವಂತ ಮಕ್ಕಳೇ ಕೇಳಿಲ್ಲ. ಇನ್ನೊಂದು ತಿಂಗಳು ಹೋಗಲಿ."

ಮೇಸ್ತ್ರಿ ಅವನ ಕಾಲು ಹಿಡಿದ. ಸಹಿ ಆದಮೇಲೂ ದಿನಾ ಫೋನು, ಹಬ್ಬಕ್ಕೆ ಸ್ವೆಟರು, ವರ್ಷಕ್ಕೊಮ್ಮೆ ಸಮುದ್ರ, ಎಂದು ರೂಮಿನ ಗೋಡೆ ಮುಟ್ಟಿ ಆಣೆ ಮಾಡಿದ ಮೇಲೆ ಮುದುಕ ಎದ್ದ.

"ರೂಮು ನನ್ನ ಹೆಸರಿಗೆ ಆತ್ರಿ ಅಕ್ಕಾರ," ಎಂದು ಮೇಸ್ತ್ರಿ ಚಹಾ ಮುಗಿಸಿ ನಿಟ್ಟುಸಿರು ಬಿಟ್ಟ. "ಖರೇ ಹೇಳಬೇಕಂದ್ರ ಅಜ್ಜನೂ ನನ್ನ ಹೆಸರಿಗೇ ಆದ. ಈಗೂ ಮಂಚದ ಮ್ಯಾಲ ಅದಾನ್ರಿ. ಊರಿಗೆ ಯಾವಾಗ ಹೊಂಟಿ ಅಂತ ಕೇಳಿದ್ರ, ಕೆಮ್ಮತಾನ."

ಶೀಘ್ರ ಫಲ

ಮೇಸ್ತ್ರಿ ಹೋದ ಮೇಲೆ ನನ್ನಾಕೆ ಬಾಗಿಲು ಹಾಕಿ ಬಂದು ನನ್ನ ಎದುರು ಕೂತಳು. ನಗಲಿಲ್ಲ.

"ಕೊಟ್ಟವನ ಉಸಿರಿನ ಜತೆಗೆ ಪವರೂ ಹೋಗುತ್ತದೆ. ಮೇಸ್ತ್ರಿಗೆ ಹೇಳಿದವರು ನೀವೇ. ಹಾಗಾದರೆ ನನಗೆ ಪವರ್ ಕೊಡುತ್ತೇನೆ ಅಂದಿರಲ್ಲ, ಅದು ನನಗೆ ಯಾವಾಗ ಬೇಕೋ ಅದೇ ಹೊತ್ತಿಗೆ ಇರುವುದಿಲ್ಲ."

ನನ್ನ ಕಾನೂನು ಜ್ಞಾನದ ಮೇಲೆ ನನಗೇ ಸಿಟ್ಟು ಬಂತು. ಕಡಿಮೆ ತಿಳಿದಿದ್ದರೆ ಎಷ್ಟು ಚೆನ್ನಾಗಿತ್ತು!

"ನಿಮಗೆ ಹೆದರಿಕೆ," ಎಂದಳು ಮೆತ್ತಗೆ. "ದೊಡ್ಡಪ್ಪನ ಹಾಗಾಗುತ್ತದೆ ಅಂತ. ನನಗೂ ಹೆದರಿಕೆ ಉಂಟು. ಆದರೆ ನನ್ನ ಹೆದರಿಕೆಗೆ ಕತೆ ಹೇಳಿ ತಪ್ಪಿಸಿಕೊಳ್ಳಲಿಕ್ಕೆ ಬರುವುದಿಲ್ಲ."

ಆ ಮಾತು ಡಾಕ್ಟರಮ್ಮನ ಮಿಷನ್ನಿಗಿಂತ ಒಳಗೆ ಹೋಯಿತು. ಬರೆಯುತ್ತೇನೆ ಎಂದೆ. ಮಕ್ಕಳಿಬ್ಬರಿಗೂ ಫೋನ್ ಮಾಡಿ ಹೇಳಿದೆ: ಮನೆ ಅಮ್ಮನಿಗೆ, ಅವಳ ನಂತರ ನಿಮಗಿಬ್ಬರಿಗೆ ಸಮ. ಇಬ್ಬರೂ ಬೇರೆ ಬೇರೆ ಊಟದ ಮೇಜಿನಿಂದ ಒಂದೇ ಮಾತು ಕೇಳಿದರು: "ಅದು ಇಷ್ಟು ದಿನ ಬರೆದಿರಲಿಲ್ಲವಾ ಅಪ್ಪ?"

ಬರೆಯುವುದು ಸರಿ. ಆದರೆ ಯಾವಾಗ? ನಮ್ಮವರು ಗ್ಯಾಸ್ ಒಲೆ ಬದಲಿಸಲಿಕ್ಕೂ ಹೊತ್ತು ನೋಡುವವರು. ನಾನು ಲೋಕಲ್ ಹಿಡಿದು ಮಾಟುಂಗದ ದೇವಸ್ಥಾನಕ್ಕೆ ಹೋದೆ. ಅಲ್ಲಿನ ಭಟ್ರು ನನ್ನ ಮದುವೆ, ಮಕ್ಕಳ ನಾಮಕರಣ, ಗೃಹಪ್ರವೇಶ ಎಲ್ಲಕ್ಕೂ ಹೊತ್ತು ಕೊಟ್ಟವರು.

"ಮುಹೂರ್ತ ಬೇಕಿತ್ತು ಭಟ್ರೆ. ಒಳ್ಳೆಯದು."

"ಯಾವ ಕಾರ್ಯಕ್ಕೆ?"

ಅಕ್ಕಪಕ್ಕ ನೋಡಿ ಪಿಸುಗುಟ್ಟಿದೆ. "ವಿಲ್ ಬರೆಯಲಿಕ್ಕೆ."

ಭಟ್ರು ಪಂಚಾಂಗ ಬಿಡಿಸಿದವರು ಹಾಗೆಯೇ ನಿಂತರು. ಇದುವರೆಗೆ ಯಾರೂ ಇದಕ್ಕೆ ಹೊತ್ತು ಕೇಳಿರಲಿಲ್ಲವಂತೆ. ತುಂಬ ಯೋಚಿಸಿ ಅವರು ಹೇಳಿದರು: "ನೋಡಿ, ಶುಭಮುಹೂರ್ತದಲ್ಲಿ ಮಾಡಿದ ಕಾರ್ಯ ನಿರ್ವಿಘ್ನವಾಗಿ, ಶೀಘ್ರವಾಗಿ ಫಲ ಕೊಡುತ್ತದೆ. ಅದು ಶಾಸ್ತ್ರ. ಈ ವಿಲ್ಲಿನ ಫಲ ಯಾವಾಗ ಕೈಗೆ ಸಿಗುವುದು?"

"ನಾನು ಹೋದ ಮೇಲೆ."

"ಹ್ಞಾ. ಅದು ನಿಮಗೆ ಶೀಘ್ರವಾಗಿ ಬೇಕಾ?"

ಗರ್ಭಗುಡಿಯ ಗಂಟೆ ಯಾರೋ ಬಾರಿಸಿದರು. ಒಳ್ಳೆಯ ಹೊತ್ತು ಕೇಳಿ ನನ್ನ ಕೈಯಾರೆ ನಾನೇ ಟಿಕೆಟು ತೆಗೆಯುವವನಿದ್ದೆ!

"ಭಟ್ರೆ," ಎಂದೆ, "ಕೆಟ್ಟದ್ದು ಯಾವುದು ಉಂಟು ನೋಡಿ."

ಅವರಿಗೂ ಹುರುಪು ಬಂತು. ಕನ್ನಡಕ ಏರಿಸಿ ಬೆರಳಲ್ಲಿ ಹುಡುಕತೊಡಗಿದರು. ನವಮಿ ಬೇಡ, ಅದರಲ್ಲಿ ನಡುವೆ ಸ್ವಲ್ಪ ಒಳ್ಳೆಯದು ಉಂಟು. ಶನಿವಾರ ಬೇಡ, ಸಂಜೆ ಗುರುವಿನ ದೃಷ್ಟಿ ಬೀಳುತ್ತದೆ. "ಇಗೋ! ಅಮಾವಾಸ್ಯೆ, ಮಂಗಳವಾರ, ಮಧ್ಯಾಹ್ನ ಮೂರರಿಂದ ನಾಲ್ಕೂವರೆ ರಾಹುಕಾಲ. ಈ ಹೊತ್ತಿಗೆ ಹಾಕಿದ ಬೀಜ ಮೊಳೆಯುವುದಿಲ್ಲ, ಹೊರಟ ಗಾಡಿ ಮುಟ್ಟುವುದಿಲ್ಲ. ಇಷ್ಟು ಕೆಟ್ಟ ಹೊತ್ತನ್ನು ನನ್ನ ಆಯುಷ್ಯದಲ್ಲಿ ಯಾರಿಗೂ ಕೊಟ್ಟಿಲ್ಲ!"

ದಕ್ಷಿಣೆ ಕೊಟ್ಟು ಕಾಲಿಗೆ ಬಿದ್ದೆ. ಆಶೀರ್ವಾದ ಮಾಡಲು ಕೈ ಎತ್ತಿದವರು, ಯಾಕೋ ಅನುಮಾನ ಬಂದ ಹಾಗೆ ಅರ್ಧಕ್ಕೇ ಇಳಿಸಿದರು.

ಸ್ವಸ್ಥಚಿತ್ತ

ಅಮಾವಾಸ್ಯೆ ಬಂತು. ಹಳೆಯ ವಕೀಲರೊಬ್ಬರು ವಿಲ್ಲನ್ನು ಒಂದೇ ಪುಟದಲ್ಲಿ ಬರೆದುಕೊಟ್ಟಿದ್ದರು. ಸಾಕ್ಷಿಗೆ ಒಬ್ಬರು ಡಾಕ್ಟರಮ್ಮ. ಇನ್ನೊಬ್ಬ ಮೇಸ್ತ್ರಿ. ಇಬ್ಬರೂ ನಾನು ಸಹಿ ಹಾಕುವುದನ್ನು ನೋಡಿಯೇ ಸಾಕ್ಷಿ ಹಾಕಬೇಕು. ಸಹಿ ಹಾಕುವಾಗ ಬುದ್ಧಿ ನೆಟ್ಟಗಿತ್ತು ಎಂದು ಡಾಕ್ಟರಮ್ಮ ಒಂದು ಸರ್ಟಿಫಿಕೇಟನ್ನೂ ಬರೆದುಕೊಟ್ಟರೆ ನಾಳೆ ಯಾರೂ ತಕರಾರು ಎತ್ತುವುದಿಲ್ಲ ಎಂದು ವಕೀಲರು ಹೇಳಿದ್ದರು.

ಮೂರು ಗಂಟೆಗೆ ಡಾಕ್ಟರಮ್ಮ ಬಂದರು. ಮೇಸ್ತ್ರಿ ಬರಲಿಲ್ಲ. ಮೂರೂವರೆಗೆ ಅವನ ಫೋನು: ಲೋಕಲ್ ಗೋರೆಗಾಂವ್‌ನಲ್ಲಿ ನಿಂತಿದೆ. ನಾಲ್ಕು ಗಂಟೆಗೆ ಮಾಲಾಡ್, ನಮಗಿಂತ ಒಂದು ಸ್ಟೇಷನ್ ಹಿಂದೆ. ನಾನು ಕಿಟಕಿಗೂ ಗಡಿಯಾರಕ್ಕೂ ಓಡಾಡತೊಡಗಿದೆ. ಹೆಂಡತಿ ತುಳಸಿ ಹಾಕಿದ ನೀರು ತಂದರೆ, "ಈಗ ಬೇಡ, ಹೊತ್ತು ಶುದ್ಧವಾಗಿಬಿಟ್ಟೀತು!" ಎಂದು ಹೆದರಿ ಹಿಂದಕ್ಕೆ ಸರಿದೆ.

"ಅಂಕಲ್, ಕೂತ್ಕೊಳ್ಳಿ. ಬಿ.ಪಿ. ಏರುತ್ತದೆ," ಎಂದರು ಡಾಕ್ಟರಮ್ಮ. "ಕೆಳಗೆ ಪೇಷಂಟ್ಸ್ ಕಾಯ್ತಿದ್ದಾರೆ. ನಾಳೆ ಬೆಳಗ್ಗೆ ಮಾಡುವನಾ?"

"ನಾಳೆ ಒಳ್ಳೆಯ ದಿನ ಡಾಕ್ಟ್ರೇ! ನಾಳೆ ಸಹಿ ಹಾಕಿದರೆ ನಾನು ಉಳಿಯುವುದಿಲ್ಲ!"

ಅವರು ನನ್ನನ್ನೇ ದಿಟ್ಟಿಸಿ ನೋಡಿದರು.

ನಾಲ್ಕೂವರೆಗೆ ಸ್ವಲ್ಪವೇ ಬಾಕಿ ಇರುವಾಗ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ಮೇಸ್ತ್ರಿ ಏದುಸಿರು ಬಿಡುತ್ತಾ ಒಳಗೆ ಬಿದ್ದ. ಕೈಯಲ್ಲೆಲ್ಲ ಸಿಮೆಂಟು. "ತಡಾ ಆತ್ರಿ ಸಾಹೇಬ್ರ, ರಾಹುಕಾಲ ಐತೇನ್ರಿ ಇನ್ನಾ?"

"ಉಂಟು, ಉಂಟು! ಬೇಗ ಬಾ!" ಎಂದು ಕೂಗಿ ಪೆನ್ನು ಹಿಡಿದೆ. ಒಂದು ಕ್ಷಣ ದೊಡ್ಡಪ್ಪನ ಮುಖ ಕಣ್ಣೆದುರು ಬಂತು. ತಲೆ ಎತ್ತಿದೆ. ನನ್ನಾಕೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ, ಅದನ್ನು ಯಾರೋ ಕಿತ್ತುಕೊಂಡು ಹೋಗುತ್ತಾರೇನೋ ಎಂಬ ಹಾಗೆ. ಸಹಿ ಹಾಕಿಬಿಟ್ಟೆ. ಡಾಕ್ಟರಮ್ಮ ಹಾಕಿದರು. ಮೇಸ್ತ್ರಿ ಹಾಕಿದ. ಗಡಿಯಾರ ನೋಡಿದರೆ ರಾಹು ಇನ್ನೂ ನಮ್ಮ ಮನೆಯಲ್ಲೇ ಇದ್ದ!

"ಗೆದ್ದೆ!" ಎಂದು ಕೈ ಎತ್ತಿ ಕುಣಿದೆ. ಮೇಸ್ತ್ರಿ ಚಪ್ಪಾಳೆ ತಟ್ಟಿದ.

ಡಾಕ್ಟರಮ್ಮ ಸರ್ಟಿಫಿಕೇಟ್ ಬರೆಯಲು ಕೂತರು. ಎರಡು ಸಾಲು ಬರೆದವರ ಪೆನ್ನು ನಿಂತಿತು.

"ಅಂಕಲ್, ಒಂದು ಕೇಳುತ್ತೇನೆ. ಎಲ್ಲರೂ ರಾಹುಕಾಲ ತಪ್ಪಿಸಿ ಕೆಲಸ ಮಾಡುತ್ತಾರೆ, ಅಲ್ಲವಾ?"

"ಹೌದು."

"ನೀವು ರಾಹುಕಾಲ ತಪ್ಪಿಹೋಗುತ್ತದೆ ಅಂತ ಅಳುವ ಹಾಗೆ ಆಗಿದ್ದಿರಿ."

"ಹೌದು. ಕೆಟ್ಟ ಹೊತ್ತೇ ಬೇಕಿತ್ತು. ಇದ್ದದ್ದರಲ್ಲಿ ಅತ್ಯಂತ ಕೆಟ್ಟದ್ದನ್ನು ಭಟ್ರಿಗೆ ದಕ್ಷಿಣೆ ಕೊಟ್ಟು ಹುಡುಕಿಸಿದ್ದೇನೆ."

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದರು. ನನ್ನನ್ನು ಬಿಟ್ಟು ನನ್ನಾಕೆಯ ಕಡೆ ತಿರುಗಿದರು. "ಆಂಟಿ, ಇಲ್ಲಿ 'ಸ್ವಸ್ಥಚಿತ್ತರಾಗಿದ್ದಾರೆ' ಅಂತ ನಾನು ಬರೆದು ಸಹಿ ಹಾಕಬೇಕು. ಈಗ ನೋಡಿದ್ದೆಲ್ಲ ನೋಡಿದ ಮೇಲೆ ಹೇಗೆ ಬರೆಯಲಿ?"

ಇಷ್ಟೆಲ್ಲ ಮಾಡಿ ಮನೆ ಮತ್ತೆ ಮೂರು ಪಾಲಾಗುವುದೇ?

ನನ್ನಾಕೆ ಚೌಕಟ್ಟಿನಿಂದ ಕೈ ತೆಗೆದು ಬಂದಳು. ಪೆನ್ನಿನ ಮುಚ್ಚಳ ತಾನೇ ತೆಗೆದು ಡಾಕ್ಟರಮ್ಮನ ಕೈಯಲ್ಲಿಟ್ಟಳು.

"ಧೈರ್ಯವಾಗಿ ಬರೆಯಿರಿ ಡಾಕ್ಟ್ರೇ. ಮದುವೆಯಾದಂದಿನಿಂದ ಇವರು ಹೀಗೆಯೇ. ಯಾವತ್ತಾದರೂ ನೆಟ್ಟಗೆ ಮಾತಾಡಿದರೆ, ಆ ದಿನ ಗಾಬರಿಯಾಗಿ ನಾನೇ ನಿಮ್ಮನ್ನು ಕರೆಯುತ್ತೇನೆ."